ಮರವಂತೆಯ ಮರಳಲ್ಲಿ ಆಡಿನ ಗೊರಸು

ಮರವಂತೆಗೆ ಹೋದವರ ಮೊಬೈಲಿನಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ನದಿಯಾಚೆ ದೂರದಲ್ಲಿ ಕೊಡಚಾದ್ರಿಯ ಸಾಲು. ಈ ಚೆಂದದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಮತ್ತೆ ಬರೆಯಲ್ಲ. ನನ್ನ ಕಥೆ ಇರೋದು ಅಲ್ಲಿಂದ ಸ್ವಲ್ಪ ಆಚೆ. ಹೆದ್ದಾರಿ ಬಿಟ್ಟು, ತ್ರಾಸಿ ಕಡೆ, ಕಲ್ಲಿನ ತಡೆಗೋಡೆ ಇಲ್ಲದ ಕಡೆ ಮರಳಿಗೆ ಇಳಿದರೆ ಕಾಲಿಗೆ ತೊಡರುವ ಒಂದು ಬಳ್ಳಿಯ ಬಗ್ಗೆ.

ನೀವೂ ಅದನ್ನು ನೋಡಿರುತ್ತೀರಿ. ತೆಂಗಿನ ಸಾಲು ಮುಗಿದು ಬರಿ ಮರಳು ಶುರುವಾಗುವ ಜಾಗದಲ್ಲಿ ದಪ್ಪ ಹಸಿರು ಎಲೆ, ನಡುವೆ ನೇರಳೆ ಮಿಶ್ರಿತ ಗುಲಾಬಿ ಬಣ್ಣದ ಗಂಟೆಯಂಥ ಹೂ. ಫೋಟೊ ತೆಗೆದು ಆ್ಯಪ್‌ಗೆ ಹಾಕಿದರೆ ಅದು "ಮಾರ್ನಿಂಗ್ ಗ್ಲೋರಿ" ಅಂತ ಹೇಳಿ ಸುಮ್ಮನಾಗುತ್ತದೆ. ಅದು ಸುಳ್ಳಲ್ಲ, ಆದರೆ ಸಾಲದು. "ಇವರು ಯಾರು?" ಅಂತ ಕೇಳಿದರೆ "ಕುಂದಾಪುರದವರು" ಅಂದ ಹಾಗೆ. ಮಾರ್ನಿಂಗ್ ಗ್ಲೋರಿ ಅನ್ನೋದು ದೊಡ್ಡ ಕುಟುಂಬದ ಹೆಸರು. ನಾವು ಬೇಯಿಸಿ ತಿನ್ನುವ ಗೆಣಸೂ ಇದೇ ಕುಟುಂಬದ್ದು.

ಹಾಗಾದರೆ ಗುರುತು ಹಿಡಿಯೋದು ಹೇಗೆ? ಹೂವನ್ನು ಬಿಡಿ, ಎಲೆ ನೋಡಿ. ಈ ಕುಟುಂಬದಲ್ಲಿ ಹೂಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ. ಎಲೆಯೇ ಆಧಾರ್ ಕಾರ್ಡ್. ನಮ್ಮ ಬಳ್ಳಿಯ ಎಲೆ ದಪ್ಪ, ಸ್ವಲ್ಪ ತೊಗಲಿನ ಹಾಗೆ, ತುದಿಯಲ್ಲಿ ಎರಡಾಗಿ ಸೀಳಿದಂತೆ. ಥೇಟ್ ಆಡಿನ ಗೊರಸು. ನಡುನರದ ಮೇಲೆ ಮಡಚಿದರೆ ಎರಡು ಭಾಗ ಸರಿಯಾಗಿ ಒಂದರ ಮೇಲೊಂದು ಕೂರುತ್ತವೆ. ಎಲೆ ಮುರಿದರೆ ಹಾಲಿನಂಥ ಸೊನೆ ಬರುತ್ತದೆ. ಕಾಂಡ ಯಾವುದಕ್ಕೂ ಸುತ್ತಿಕೊಂಡು ಮೇಲೇರುವುದಿಲ್ಲ, ನೆಲದ ಮೇಲೇ ಹರಿಯುತ್ತದೆ, ಹತ್ತು ಮೀಟರಿಗೂ ಮೀರಿ. ಹೂ ಬೆಳಗ್ಗೆ ಅರಳಿ ಬಿಸಿಲೇರಿದ ಮೇಲೆ ಮುದುಡುತ್ತದೆ. ಒಂದು ಹೂವಿಗೆ ಒಂದೇ ದಿನ. ಹೂ ಹೋದ ಮೇಲೆ ಗೋಲಿಯಂಥ ಕಾಯಿ, ಅದು ಒಣಗಿ ಬಿರಿದರೆ ಒಳಗೆ ಸಾಮಾನ್ಯವಾಗಿ ನಾಲ್ಕು ಬೀಜ. ಬೀಜದ ಮೇಲೆ ಕಂದು ಬಣ್ಣದ ಮಖಮಲ್ಲಿನಂಥ ಕೂದಲು.

ಮೋಸ ಹೋಗೋ ಸಾಧ್ಯತೆ ಮೂರು ಕಡೆ ಇದೆ. ಒಂದು, ರೈಲ್ವೆ ಬಳ್ಳಿ. ಹೂ ಇದರ ಹಾಗೇ, ಆದರೆ ಎಲೆ ಅಂಗೈಯ ಐದು ಬೆರಳು ಬಿಡಿಸಿದಂತೆ ಇರುತ್ತದೆ, ಮತ್ತು ಬೇಲಿ, ಕಂಬ, ಏನು ಸಿಕ್ಕರೂ ಹತ್ತುತ್ತದೆ. ಎರಡು, ಬೆಂಗಳೂರಿನ ಕೆರೆ ದಂಡೆಗಳಲ್ಲಿ ಪೊದೆಯಾಗಿ ನಿಂತಿರುವ ತಿಳಿಗುಲಾಬಿ ಹೂವಿನ ಗಿಡ. ಅದೂ ಇದೇ ಕುಟುಂಬ, ಆದರೆ ಅದರ ಎಲೆ ಉದ್ದ, ತುದಿ ಚೂಪು. ಅದು ಹೊರದೇಶದಿಂದ ಬಂದು ಇಲ್ಲಿ ಹಬ್ಬಿದ್ದು. ಮೂರು, ಕಡಲತೀರದಲ್ಲೇ ಇದರ ಜೊತೆ ಬೆಳೆಯುವ ಕಾಡು ಅವರೆ ಜಾತಿಯ ಬಳ್ಳಿ. ಅದರ ಹೂವೂ ಗುಲಾಬಿ, ಆದರೆ ಎಲೆ ಮೂರು ಮೂರರ ಗೊಂಚಲು, ಹೂ ಅವರೆ ಹೂವಿನ ಆಕಾರ, ಕಾಯಿಯೂ ಅವರೆಕಾಯಿಯ ಹಾಗೇ. ಇಷ್ಟು ಗೊತ್ತಿದ್ದರೆ ಆ್ಯಪ್ ಬೇಡ.

ಈ ಬಳ್ಳಿಗೆ ಕನ್ನಡದಲ್ಲಿ ಅಡುಂಬು ಬಳ್ಳಿ ಅಂತ ಹೆಸರಿದೆ. ಹೆಸರು ಹಳೆಯದು. ಸಂಗಂ ಕಾಲದ ತಮಿಳು ಕವಿತೆಗಳಲ್ಲಿ ಕಡಲತೀರದ ವರ್ಣನೆ ಬಂದಾಗ ಅಡುಂಬು ಹೂವೂ ಬರುತ್ತದೆ. ಲಿನೇಯಸ್ 1753ರಲ್ಲಿ ಇದಕ್ಕೆ ಲ್ಯಾಟಿನ್ನಿನಲ್ಲಿ "ಪೆಸ್ ಕ್ಯಾಪ್ರೇ" ಅಂತ ಹೆಸರಿಟ್ಟ. ಅರ್ಥ, ಆಡಿನ ಪಾದ. ತಮಿಳಿನಲ್ಲಿ ಆಟ್ಟುಕ್ಕಾಲ್ ಅಂದರೂ ಅದೇ. ಈಗಿನ ಪೂರ್ತಿ ಹೆಸರು ಇಪೋಮಿಯ ಪೆಸ್ ಕ್ಯಾಪ್ರೇ. ಇಪೋಮಿಯ ಅಂದರೆ ಗ್ರೀಕಿನಲ್ಲಿ ಹುಳುವಿನಂಥದ್ದು, ಸುತ್ತಿ ಸುತ್ತಿ ಹರಿದಾಡುವುದಕ್ಕೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮರಾಠಿಯವರು ಕರೆಯೋ ಹೆಸರು: ಮರ್ಯಾದಾ ವೇಲ್. ವೇಲ್ ಅಂದರೆ ಬಳ್ಳಿ. ಮರ್ಯಾದೆ ಅಂದರೆ ಇಲ್ಲಿ ಗೌರವ ಅಲ್ಲ, ಗಡಿ, ಎಲ್ಲೆ. ಸಮುದ್ರದ ಎಲ್ಲೆ ಎಲ್ಲಿ ಮುಗಿಯುತ್ತದೆ ಅಂತ ತೋರಿಸುವ ಬಳ್ಳಿ. ಉಬ್ಬರದ ನೀರು ದಿನಾ ಬಂದು ಹೋಗುವ ಜಾಗದಲ್ಲಿ ಇದು ಬೇರೂರುವುದಿಲ್ಲ, ಅದಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಅಂದರೆ ಬಳ್ಳಿಯ ಮುಂಚೂಣಿ ಎಲ್ಲಿದೆಯೋ, ಹೆಚ್ಚು ಕಡಿಮೆ ಅಲ್ಲಿಯ ತನಕ ಕಡಲಿನ ದಿನನಿತ್ಯದ ಓಡಾಟ. ಜಿಪಿಎಸ್, ಸರ್ವೆ ಕಲ್ಲು ಏನೂ ಇಲ್ಲದ ಕಾಲದಲ್ಲಿ ಇದೇ ಸರ್ವೆ ಕಲ್ಲು.

ಆದರೆ ಇದು ಗಡಿ ತೋರಿಸುತ್ತಾ ಸುಮ್ಮನೆ ಕೂರುವ ಗಿಡ ಅಲ್ಲ. ಕೆಲಸ ಮಾಡುತ್ತದೆ. ತ್ರಾಸಿಯ ಮರಳಿನಲ್ಲಿ ಬೇಸಗೆಯ ಮಧ್ಯಾಹ್ನ ಅರ್ಧ ಗಂಟೆ ಕೂತರೆ ಕಣ್ಣಿಗೇ ಕಾಣುತ್ತದೆ. ಕಡಲಿಂದ ಗಾಳಿ ಬೀಸುತ್ತದೆ, ಮರಳಿನ ಕಣಗಳು ನೆಲಕ್ಕೆ ಅಂಟಿಕೊಂಡ ಹಾಗೆ ಓಡಿ ಬರುತ್ತವೆ. ಬಳ್ಳಿಯ ಎಲೆ, ಕಾಂಡಕ್ಕೆ ತಾಗಿ ಗಾಳಿಯ ವೇಗ ಕಮ್ಮಿಯಾಗುತ್ತದೆ, ಮರಳು ಅಲ್ಲೇ ಬೀಳುತ್ತದೆ. ದಿನಾ ಸ್ವಲ್ಪ ಸ್ವಲ್ಪ ಬಿದ್ದು ಬಳ್ಳಿ ಹೂತುಹೋಗುತ್ತದೆ. ಬೇರೆ ಗಿಡವಾದರೆ ಸಾಯುತ್ತಿತ್ತು. ಇದು ಹೂತುಹೋದ ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಮೇಲೆ ಹೊಸ ಚಿಗುರು ಕಳಿಸುತ್ತದೆ. ಮತ್ತೆ ಮರಳು, ಮತ್ತೆ ಬೇರು. ಹೀಗೆ ಒಂದೊಂದು ಗೇಣು ಏರುತ್ತಾ ದಿಬ್ಬ ಆಗುತ್ತದೆ. ಪಕ್ಕದಲ್ಲೇ ಚೂಪು ಎಲೆಯ, ಚೆಂಡಿನಂಥ ಮುಳ್ಳು ಹೂಗೊಂಚಲಿನ ಒಂದು ಹುಲ್ಲೂ ಇರುತ್ತದೆ. ರಾವಣನ ಮೀಸೆ. ಗಾಳಿಗೆ ಆ ಚೆಂಡುಗಳು ಮರಳ ಮೇಲೆ ಉರುಳಿ ಓಡುವುದನ್ನು ಊರಿನ ಮಕ್ಕಳು ಅಟ್ಟಿಸಿಕೊಂಡು ಹೋಗುತ್ತಾರೆ. ಬಳ್ಳಿ ಮತ್ತು ಮೀಸೆ, ಇಬ್ಬರದ್ದೂ ಒಂದೇ ಡ್ಯೂಟಿ.

ಒಂದು ಕಡೆ ಕಾಂಡ ತುಂಡಾದರೂ ತೊಂದರೆ ಇಲ್ಲ. ಪ್ರತಿ ಗೆಣ್ಣಿಗೂ ಸ್ವಂತ ಬೇರು ಇರುವುದರಿಂದ ಎರಡೂ ತುಂಡು ಬದುಕುತ್ತವೆ. ಸರ್ವರ್ ನೋಡಿಕೊಳ್ಳುವ ನಮ್ಮಂಥವರು ರಾತ್ರಿ ನಿದ್ದೆಗೆಟ್ಟು ಕಟ್ಟುವ ವ್ಯವಸ್ಥೆಯನ್ನು ಇದು ಯಾವ ಮೀಟಿಂಗೂ ಇಲ್ಲದೆ ಕಟ್ಟಿಕೊಂಡಿದೆ.

ಬೀಜದ ಕಥೆ ಇನ್ನೂ ದೊಡ್ಡದು. ಅದು ನೀರಿನ ಮೇಲೆ ತೇಲುತ್ತದೆ, ಉಪ್ಪುನೀರು ಒಳಗೆ ಹೋಗದಷ್ಟು ಸಿಪ್ಪೆ ಗಟ್ಟಿ. ತಿಂಗಳುಗಟ್ಟಲೆ ತೇಲಿ ಎಲ್ಲೋ ದಡ ಸೇರಿ ಮೊಳೆಯುತ್ತದೆ. ಅದಕ್ಕೇ ಆಫ್ರಿಕಾದ ತೀರ, ಆಸ್ಟ್ರೇಲಿಯಾದ ಉತ್ತರ, ಬ್ರೆಜಿಲ್, ಪೆಸಿಫಿಕ್ ದ್ವೀಪಗಳು, ಉಷ್ಣವಲಯದ ಕಡಲ ದಂಡೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಇದೆ. ಇಂಡೊನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ 1883ರಲ್ಲಿ ಸಿಡಿದು ಆ ದ್ವೀಪದ ಹಸಿರೆಲ್ಲ ಬೂದಿಯಡಿ ಹೋಯಿತಲ್ಲ, ಆಮೇಲೆ ಅಲ್ಲಿನ ಕಡಲ ದಂಡೆಯಲ್ಲಿ ಮೊದಮೊದಲು ನೆಲೆಯೂರಿದ ಗಿಡಗಳಲ್ಲಿ ಇದೂ ಒಂದು. ಯಾರೂ ನೆಡಲಿಲ್ಲ, ನೀರು ತಂದಿತು.

ಇಷ್ಟೆಲ್ಲ ನಾನು ಓದಿ ತಿಳಿದುಕೊಂಡಿದ್ದಕ್ಕೆ ಒಂದು ಕಾರಣ ಇದೆ. ನಮ್ಮ ದೊಡ್ಡಮ್ಮನ ಮನೆ ಈ ತೀರದಲ್ಲೇ ಇರುವುದು. ಮನೆ, ಅಂಗಳ, ಬಾವಿ, ನಾಲ್ಕು ಸಾಲು ತೆಂಗು, ಆಮೇಲೆ ಬಳ್ಳಿಯ ಪಟ್ಟಿ, ಆಮೇಲೆ ಕಡಲು. ನಾನು ಚಿಕ್ಕವನಿದ್ದಾಗ ತೆಂಗು ಐದು ಸಾಲಿತ್ತು. ಒಂದು ಸಾಲು ಕಡಲಿಗೆ ಹೋಯಿತು. ಕರಾವಳಿಯವರಿಗೆ ಕಡಲ್ಕೊರೆತ ಅನ್ನೋದು ಪೇಪರಿನ ಸುದ್ದಿ ಅಲ್ಲ, ಮಳೆಗಾಲದ ರಾತ್ರಿ ಕೇಳುವ ಸದ್ದು.

ದೊಡ್ಡಮ್ಮನ ಮಗ, ನನ್ನ ಅಣ್ಣ, ಮುಂಬೈಯ ಹೋಟೆಲ್ ಕೆಲಸ ಬಿಟ್ಟು ಬಂದು ಎರಡು ರೂಮಿನ ಹೋಮ್‌ಸ್ಟೇ ಮಾಡಿದ್ದಾನೆ. ಸಾಲ ತೆಗೆದಿದ್ದಾನೆ. ಬಂದವರು ಮೀನೂಟಕ್ಕೆ ಐದು ಸ್ಟಾರ್ ಕೊಡುತ್ತಾರೆ, ಕೊನೆಗೆ ಒಂದು ಸಾಲು ಬರೆಯುತ್ತಾರೆ: ಮನೆ ಮುಂದೆ ಬೀಚ್‌ನಲ್ಲಿ ಕಳೆ ತುಂಬಿದೆ, ಕ್ಲೀನ್ ಮಾಡಿಸಿದ್ದರೆ ಚೆನ್ನಾಗಿತ್ತು. ಇಂಥ ಮೂರು ನಾಲ್ಕು ರಿವ್ಯೂ ಬಂದ ಮೇಲೆ ಅವನು ಜೆಸಿಬಿಯವನಿಗೆ ಹೇಳಿಯೂ ಆಗಿತ್ತು. ಒಂದು ದಿನದ ಕೆಲಸ. ಬಳ್ಳಿ ತೆಗೆದು, ದಿಬ್ಬ ಸಮ ಮಾಡಿ, ಆರು ಕುರ್ಚಿ, ಎರಡು ಕೊಡೆ. ದೀಪಾವಳಿ ರಜೆಗೆ ನಾನು ಹೋದಾಗ ಮನೆಯಲ್ಲಿ ಇದೇ ಮಾತು.

ದೊಡ್ಡಮ್ಮ ಅಡುಗೆಮನೆಯಿಂದಲೇ ಹೇಳಿದರು: "ಅದನ್ನ್ ಕೀಳೂದ್ ಬ್ಯಾಡ. ಬಳ್ಳಿ ಇದ್ರೆ ಹೊಯ್ಗಿ ನಿಲ್ತ್. ಬಳ್ಳಿ ಹೋರೆ ಹೊಯ್ಗಿಯೂ ಹೋತ್, ಹಿಂದ್ ತೆಂಗಿನ ಮರವೂ ಹೋತ್."

ಹೊಯ್ಗೆ ಅಂದರೆ ಮರಳು. ಇದನ್ನೇ ನಾನು ಗಾಳಿ, ವೇಗ, ಗೆಣ್ಣು ಅಂತೆಲ್ಲ ಮೇಲೆ ಒಂದು ಪ್ಯಾರಾ ಬರೆದದ್ದು.

ಅಣ್ಣ ಜಗಳಕ್ಕೆ ಬರಲಿಲ್ಲ. "ನೀವ್ ಹೇಳೂದ್ ಸಮ. ಆರೆ ಬಂದವ್ರಿಗೆ ಎಂತ ಹೇಳೂದ್? ಕಂತು ಬಳ್ಳಿ ಕಟ್ಟುತ್ತಾ?" ಅಂದ.

ಆ ಪ್ರಶ್ನೆಗೆ ಬೆಂಗಳೂರಿನಲ್ಲಿ ಸಂಬಳ ಎಣಿಸುವ ನಾನು ಸುಲಭದ ಉತ್ತರ ಕೊಡುವ ಹಾಗಿರಲಿಲ್ಲ. ಕಾನೂನು ಹೇಳಬಹುದಿತ್ತು. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ಮರಳು ದಿಬ್ಬಗಳು ಸಿಆರ್‌ಝಡ್-1ಎ ಅನ್ನುವ ಅತಿ ಸೂಕ್ಷ್ಮ ಪಟ್ಟಿಯಲ್ಲಿವೆ, ಮ್ಯಾಂಗ್ರೋವ್ ಮತ್ತು ಕಡಲಾಮೆ ಮೊಟ್ಟೆಯಿಡುವ ತಾಣಗಳ ಜೊತೆಗೇ. ಇಲ್ಲೇ ದಕ್ಷಿಣಕ್ಕೆ, ಕುಂದಾಪುರದ ಕೋಡಿ ತೀರಕ್ಕೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಇದನ್ನೂ ಹೇಳಿದೆ. ಆದರೆ ಸಾಲ ಇರುವವನಿಗೆ ಕಾನೂನಿಗಿಂತ ಲೆಕ್ಕ ಬೇಗ ಅರ್ಥವಾಗುತ್ತದೆ. ಅದಕ್ಕೆ ನಾವಿಬ್ಬರೂ ಎದ್ದು ಪಕ್ಕದ ಜಾಗ ನೋಡಲು ಹೋದೆವು.

ಪಕ್ಕದ ಜಾಗದವರು ಹಿಂದಿನ ವರ್ಷವೇ ಬಳ್ಳಿ ಪೂರ್ತಿ ತೆಗೆಸಿದ್ದರು. ಬೇಸಗೆಯಲ್ಲಿ ನೋಡಲು ಚೆನ್ನಾಗಿಯೇ ಇತ್ತಂತೆ, ಕ್ಯಾಲೆಂಡರಿನ ಬೀಚ್ ಹಾಗೆ. ಏಪ್ರಿಲ್ ಗಾಳಿಗೆ ಮರಳು ನೇರ ಅಂಗಳಕ್ಕೆ, ಬಾವಿಕಟ್ಟೆಗೆ ಬಂತು. ನಾವು ಹೋದಾಗ ಅಂಗಳದ ಮೂಲೆಯಲ್ಲಿ ಗುಡಿಸಿಟ್ಟ ಮರಳಿನ ರಾಶಿ ಇನ್ನೂ ಇತ್ತು. ಮುಂದೆ ದಿಬ್ಬ ಇಲ್ಲ, ಕಡಲಿಂದ ಮೊದಲ ತೆಂಗಿನ ಬುಡದವರೆಗೆ ಸಪಾಟು ಇಳಿಜಾರು. ನಮ್ಮ ಕಡೆ ಬಳ್ಳಿಯ ದಿಬ್ಬ ನನ್ನ ಸೊಂಟದಷ್ಟು ಎತ್ತರ. ನಡುವೆ ಇದ್ದದ್ದು ಒಂದು ಬೇಲಿ. ಅಣ್ಣ ಬೇಲಿಯ ಮೇಲೆ ಕೈಯಿಟ್ಟು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದ. ಸಂಜೆ ಜೆಸಿಬಿಯವನಿಗೆ ಫೋನ್ ಮಾಡಿ ಬೇಡ ಅಂದ.

ಆಮೇಲೆ ಮಾಡಿದ್ದು ಇಷ್ಟು. ಕುರ್ಚಿಗಳನ್ನು ತೆಂಗಿನ ನೆರಳಿಗೆ, ದಿಬ್ಬದ ಹಿಂದಕ್ಕೆ ಹಾಕಿದ. ಸಮುದ್ರಕ್ಕೆ ಇಳಿಯಲು ಮೂರಡಿ ಅಗಲದ ಒಂದೇ ದಾರಿ, ಅದೂ ನೇರ ಅಲ್ಲ, ಓರೆ. ಗಾಳಿ ಬರುವ ದಿಕ್ಕಿಗೆ ನೇರವಾಗಿ ದಾರಿ ತೆಗೆದರೆ ಅದೇ ಮರಳು ನುಗ್ಗುವ ಕಂಡಿಯಾಗುತ್ತದೆ. ದಾರಿ ಪಕ್ಕ ಒಂದು ಹಲಗೆ: "ಇದು ಕಳೆ ಅಲ್ಲ. ನಮ್ಮ ಮನೆಯ ಕಾಂಪೌಂಡು. ಹೂ ನೋಡಬೇಕಾದರೆ ಬೆಳಗ್ಗೆ ಒಂಬತ್ತರ ಒಳಗೆ ಬನ್ನಿ." ಈಗ ಬಂದವರು ಬೆಳಗ್ಗೆ ಚಾ ಹಿಡಿದು ಬಳ್ಳಿಯ ಮುಂದೆ ನಿಂತು ರೀಲ್ ಮಾಡುತ್ತಾರೆ. ಕಂತು ಬಳ್ಳಿ ಕಟ್ಟುತ್ತದೋ ಇಲ್ಲವೋ, ರಿವ್ಯೂಗಳಲ್ಲಿ "ಕಳೆ" ಅನ್ನೋ ಮಾತು ನಿಂತಿದೆ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಬಳ್ಳಿ ದೇವರಲ್ಲ. ಗಾಳಿ ಹೊತ್ತು ತರುವ ಮರಳನ್ನು ಹಿಡಿಯುವುದು, ಸಣ್ಣ ಪುಟ್ಟ ಅಲೆ ಕೊರೆದದ್ದನ್ನು ಮಳೆಗಾಲದ ನಂತರ ಮತ್ತೆ ಕಟ್ಟುವುದು ಅದರ ಕೈಲಾಗುವ ಕೆಲಸ. ನದಿಗಳಿಂದ ಮರಳು ಬರುವುದು ಕಡಿಮೆಯಾದರೆ, ಪಕ್ಕದಲ್ಲಿ ಕಟ್ಟಿದ ತಡೆಗೋಡೆ ಮರಳಿನ ಹರಿವನ್ನೇ ತಿರುಗಿಸಿದರೆ, ಜುಲೈಯ ದೊಡ್ಡ ಅಲೆ ದಿಬ್ಬದ ಬುಡಕ್ಕೇ ಬಡಿದರೆ, ಬಳ್ಳಿಯೂ ಹೋಗುತ್ತದೆ. ಹೋದ ಮಳೆಗಾಲದಲ್ಲಿ ನಮ್ಮ ದಿಬ್ಬದ ಮುಂಭಾಗವೂ ಕತ್ತಿಯಲ್ಲಿ ಕೊಯ್ದ ಹಾಗೆ ಕುಸಿಯಿತು. ಬೇರುಗಳು ಹಗ್ಗದ ಹಾಗೆ ಗಾಳಿಯಲ್ಲಿ ನೇತಾಡುತ್ತಿದ್ದವು. ಆದರೆ ಆ ಬೇರಿನ ಹಿಂದೆ ಮರಳು ನಿಂತಿತ್ತು, ಮರಳಿನ ಹಿಂದೆ ತೆಂಗು ನಿಂತಿತ್ತು. ನವೆಂಬರಿನ ಹೊತ್ತಿಗೆ ನೇತಾಡುತ್ತಿದ್ದ ಕಾಂಡಗಳು ಕೆಳಗಿನ ಮರಳು ಮುಟ್ಟಿ ಮತ್ತೆ ಚಿಗುರಿದ್ದವು.

ಈಗ ಬೆಳೆಸುವ ವಿಚಾರ. ನಿಮ್ಮದು ಕರಾವಳಿಯಲ್ಲಿ ಜಾಗ ಇದ್ದರೆ, ದಿಬ್ಬ ಬೋಳಾಗಿದ್ದರೆ, ಕಾಂಡವೇ ಸುಲಭ. ಮಳೆಯ ಆರ್ಭಟ ಕಮ್ಮಿಯಾಗಿ ಮರಳಿನಲ್ಲಿ ಇನ್ನೂ ತೇವ ಇರುವಾಗ, ಸೆಪ್ಟೆಂಬರ್ ಕೊನೆಗೆ, ಅಲ್ಲಿಯದೇ ಬಳ್ಳಿಯಿಂದ ತೋಳುದ್ದದ ತುಂಡು ತೆಗೆದು ನಡುವಿನ ಮೂರು ನಾಲ್ಕು ಗೆಣ್ಣು ಮರಳಿನಲ್ಲಿ ಹೂತು, ತುದಿ ಹೊರಗೆ ಬಿಡಿ. ಬೇರು ಹಿಡಿಯುವ ತನಕ ನೀರು. ಆಮೇಲೆ ನಿಮ್ಮ ಅಗತ್ಯ ಅದಕ್ಕಿಲ್ಲ. ನಾಲ್ಕು ತಿಂಗಳು ಅದರ ಮೇಲೆ ಗಾಡಿ, ಕಾಲು ಬೀಳದಂತೆ ನೋಡಿಕೊಂಡರೆ ಸಾಕು.

ಬೆಂಗಳೂರು, ಮೈಸೂರಿನವರಿಗೆ ಬೀಜ. ಒಣಗಿ ಕಂದಾದ ಕಾಯಿ ಒಂದೆರಡು ತನ್ನಿ, ಉಳಿದದ್ದು ಅಲ್ಲೇ ಇರಲಿ. ಕಡಲ ಮರಳನ್ನಂತೂ ತರಬೇಡಿ. ಬೀಜವನ್ನು ಹಾಗೇ ಹಾಕಿದರೆ ತಿಂಗಳುಗಟ್ಟಲೆ ಮಲಗಿರುತ್ತದೆ, ಸಮುದ್ರ ದಾಟಲು ಮಾಡಿದ ಸಿಪ್ಪೆ ಅದು. ಕಾಯಿಗೆ ಅಂಟಿದ್ದ ಗುರುತಿನ ಎದುರು ಬದಿಯನ್ನು ಉಪ್ಪುಕಾಗದದಲ್ಲಿ, ಅಂದರೆ ಮರ ನುಣುಪು ಮಾಡುವ ಸ್ಯಾಂಡ್‌ಪೇಪರಿನಲ್ಲಿ, ಒಳಗಿನ ಬಿಳಿ ತುಸು ಕಾಣುವಷ್ಟು ಉಜ್ಜಿ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ಉಬ್ಬಿದ ಬೀಜ ಬಿತ್ತಬಹುದು, ಉಬ್ಬದ್ದನ್ನು ಇನ್ನೊಮ್ಮೆ ಉಜ್ಜಿ. ಎರಡು ಪಾಲು ದಪ್ಪ ಮರಳು, ಒಂದು ಪಾಲು ಮಣ್ಣು, ಕೆಳಗೆ ದೊಡ್ಡ ತೂತಿರುವ ಅಗಲದ ಕುಂಡ, ಬೆರಳಿನ ಅರ್ಧ ಗೆಣ್ಣಿನಷ್ಟು ಆಳ. ಬೆಚ್ಚಗಿದ್ದರೆ ಒಂದೆರಡು ವಾರದಲ್ಲಿ ಮೊಳಕೆ. ಮೊದಲ ಜೋಡಿ ಎಲೆಯೂ ನಡುವೆ ಸೀಳಿಕೊಂಡೇ ಹುಟ್ಟುತ್ತದೆ.

ಉಪ್ಪು ಹಾಕಬೇಕಾ ಅಂತ ನನ್ನ ಟೀಮಿನವರು ಕೇಳಿದರು. ಬೇಡ. ಅದು ಉಪ್ಪನ್ನು ತಡೆದುಕೊಳ್ಳುತ್ತದೆ ಅಷ್ಟೇ, ಬೇಡುವುದಿಲ್ಲ. ಬೇಡುವುದು ಬಿಸಿಲು, ದಿನಕ್ಕೆ ಆರು ಗಂಟೆಗೆ ಕಮ್ಮಿಯಿಲ್ಲದೆ. ನೆರಳಿನ ಬಾಲ್ಕನಿಯಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ. ಗೊಬ್ಬರ ಜಾಸ್ತಿಯಾದರೂ ಅದೇ ಗತಿ. ಮೇಲೆ ಹತ್ತಿಸಲು ದಾರ ಕಟ್ಟಬೇಡಿ, ಹತ್ತುವುದಿಲ್ಲ, ಟೆರೇಸಿನ ಅಂಚಿಂದ ಕೆಳಕ್ಕೆ ಬಿಡಿ. ಈ ಕುಟುಂಬದ ಹಲವು ಗಿಡಗಳ ಬೀಜ ವಿಷ, ಹಾಗಾಗಿ ಮಕ್ಕಳು, ನಾಯಿ ಇರುವ ಮನೆಯಲ್ಲಿ ಬೀಜ ಕೈಗೆ ಸಿಗದಂತೆ ಇಡಿ. ಥಾಯ್ಲೆಂಡಿನಲ್ಲಿ ಅಂಬಲಿ ಮೀನು, ಅದೇ ಜೆಲ್ಲಿಫಿಶ್, ಕುಟುಕಿದರೆ ಇದರ ಎಲೆ ಅರೆದು ಹಚ್ಚುವ ಪದ್ಧತಿ ಇದೆ, ಅದರ ಮೇಲೆ ಸಂಶೋಧನೆಯೂ ನಡೆದಿದೆ. ಆದರೆ ಕುಟುಕಿಸಿಕೊಂಡರೆ ನೀವು ಹೋಗಬೇಕಾದದ್ದು ಡಾಕ್ಟರ ಹತ್ತಿರ.

ನನ್ನ ಟೆರೇಸಿನಲ್ಲೂ ಒಂದು ಕುಂಡ ಇದೆ. ಮಾರ್ಚಿನಲ್ಲಿ ಹೂ ಬಿಟ್ಟಿತು, ಸ್ಟ್ಯಾಂಡಪ್ ಕಾಲ್ ಮುಗಿಯೋ ಹೊತ್ತಿಗೆ ಅರಳಿ, ಊಟದ ಹೊತ್ತಿಗೆ ಮುದುಡಿ. ಚೆಂದ. ಆದರೆ ಕುಂಡದಲ್ಲಿ ಅದು ಹೂವಿನ ಗಿಡ ಮಾತ್ರ. ಹಿಡಿಯಲು ಮರಳಿಲ್ಲ, ತಡೆಯಲು ಗಾಳಿಯಿಲ್ಲ, ತೋರಿಸಲು ಗಡಿಯಿಲ್ಲ. ಬೆಳೆಸಿ ಅಂತಲೇ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಬೆಳೆಸಿದವರು ಬೀಚಿನಲ್ಲಿ ಅದನ್ನು ಕಂಡರೆ ಕಳೆ ಅನ್ನುವುದಿಲ್ಲ.

ಈ ಸಲ ಕರಾವಳಿಗೆ ಹೋದರೆ ಬೆಳಗ್ಗೆ ಏಳೂವರೆಗೆ ಮರಳಿಗೆ ಇಳಿಯಿರಿ. ದಾರಿ ಇದ್ದಲ್ಲೇ ನಡೆಯಿರಿ. ಎಲೆಯ ತುದಿ ನೋಡಿ, ಗೊರಸು ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬಳ್ಳಿಯ ಮುಂಚೂಣಿಯಿಂದ ನೀರಿನವರೆಗೆ ಎಷ್ಟು ಹೆಜ್ಜೆ ಅಂತ ಎಣಿಸಿ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಹೊತ್ತಿನ ಇಳಿತಕ್ಕೆ ಮತ್ತೆ ಎಣಿಸಿ. ದೊಡ್ಡಮ್ಮ ನಲವತ್ತು ವರ್ಷದಿಂದ ಅಡುಗೆಮನೆಯ ಕಿಟಕಿಯಲ್ಲಿ ಮಾಡುತ್ತಾ ಬಂದಿರುವುದು ಇದೇ ಲೆಕ್ಕ.